ಬ್ಲೇಡ್ ಬಿಟ್ಟ ಮೇಲೆ ಕೂಡಿಕೊಂಡ ಹಿಮ್ಮಡಿಗಳು: ನನ್ನ ಅನುಭವ

ಒಡೆದ ಹಿಮ್ಮಡಿಯನ್ನು ಬ್ಲೇಡಿನಿಂದ ಹೆರೆಯದೆ ಸರಿಪಡಿಸಲು ಸಾಧ್ಯವೇ ಇಲ್ಲವೆಂದು ಮಡಿಕೇರಿ ಮತ್ತು ಕುಶಾಲನಗರದ ಪಾರ್ಲರ್‌ಗಳಲ್ಲಿ ಕೆಲಸ ಮಾಡುವ ನನ್ನ ಗೆಳತಿಯರು ಬಹಳ ಕಾಲ ವಾದಿಸಿದರು. ತಟ್ಟೆಯಲ್ಲಿ ಹೆರೆದ ಚರ್ಮ ಕಾಣದಿದ್ದರೆ ಗಿರಾಕಿ ಹಣ ಕೊಡುವುದಿಲ್ಲ ಎಂಬುದು ಅವರ ಇನ್ನೊಂದು ವಾದವಾಗಿತ್ತು. ಕಳೆದ ಎರಡು ಕಾಫಿ ಕೊಯ್ಲುಗಳಲ್ಲಿ ಸುಂಟಿಕೊಪ್ಪದ ಸುತ್ತಲಿನ ತೋಟಗಳಲ್ಲಿ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗಳಿಗೆ ಹೋಗಿ, ಸುಮಾರು ಅರವತ್ತು ಹೆಂಗಸರ ಕಾಲುಗಳನ್ನು ಬ್ಲೇಡ್ ಮುಟ್ಟದೆ ನೋಡಿಕೊಂಡಿದ್ದೇನೆ. ಅವರಲ್ಲಿ ಮುಕ್ಕಾಲು ಪಾಲು ಜನರ ಬಿರುಕು ಫೆಬ್ರವರಿಯೊಳಗೆ ಪೂರ್ತಿ ಕೂಡಿಕೊಂಡಿತು. ಇವು ಬೆಳಗಿನಿಂದ ಸಂಜೆಯವರೆಗೆ ಇಳಿಜಾರಿನಲ್ಲಿ ನಿಂತು ರೊಬಸ್ಟಾ ಕಾಫಿ ಕೊಯ್ಯುವ ಕಾಲುಗಳಾದ್ದರಿಂದ ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಮ್ ಬೂಟಿನೊಳಗೆ ನೆನೆದು ಬಿಳಿಚಿಕೊಂಡ ಪಾದ, ಮಳೆ ನಿಂತು ಒಣಗಾಳಿ ಬೀಸತೊಡಗಿದ ಕೂಡಲೇ ಬಿಗಿಯುತ್ತದೆ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆಯೇ ಹೊರತು ಎಣ್ಣೆಯ ಗ್ರಂಥಿಗಳಿಲ್ಲ, ಹಾಗಾಗಿ ಅದು ಬೇಗ ಒಣಗಿ ಒಡೆಯುತ್ತದೆ. ಗಿಡಗಳ ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವವರ ಕಾಲಿಗೆ ಸುಣ್ಣದ ಕಾಟವೂ ಸೇರಿಕೊಳ್ಳುತ್ತದೆ. ಕೊಯ್ಲಿನ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುವುದರಿಂದ, ಕುಂಟುತ್ತ ಕೊಯ್ಯುವವಳು ದಿನಕ್ಕೆ ನೂರು ನೂರೈವತ್ತು ರೂಪಾಯಿಯನ್ನಾದರೂ ಕಳೆದುಕೊಳ್ಳುತ್ತಾಳೆ.

ಬ್ಲೇಡಿನಿಂದ ಹೆರೆದ ಹಿಮ್ಮಡಿ ಆ ದಿನ ನುಣುಪಾಗಿ ಕಾಣುತ್ತದೆ, ಆದರೆ ನಾನು ನೋಡಿದ ಹೆಚ್ಚಿನವರಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಮೊದಲಿಗಿಂತ ಗಟ್ಟಿಯಾದ ಅಂಚು ಬೆಳೆದು, ಅದೇ ಜಾಗದಲ್ಲಿ ಮತ್ತೆ ಸೀಳುತ್ತಿತ್ತು. ಅರ್ಧ ಗಂಟೆ ಉಪ್ಪಿನ ಬಿಸಿನೀರಿನಲ್ಲಿ ನೆನೆಸುವ ಪದ್ಧತಿಯೂ ಒಣ ಚರ್ಮವನ್ನು ಇನ್ನಷ್ಟು ಒಣಗಿಸಿತು. ಕೆಲವರು ಬಿರುಕಿಗೆ ಆಲದ ಹಾಲು ತುಂಬಿಕೊಂಡು ಬರುತ್ತಿದ್ದರು, ಇನ್ನು ಕೆಲವರು ಅಂಗಡಿಯ ಅಂಟನ್ನೇ ಹಾಕಿಕೊಳ್ಳುತ್ತಿದ್ದರು. ಅಂಟು ಹಾಕಿದ ಬಿರುಕಿನ ಕೆಳಗೆ ಮಣ್ಣು ಸಿಕ್ಕಿಕೊಂಡು ಕೀವಾದದ್ದನ್ನು ಒಂದೆರಡು ಬಾರಿ ಕಂಡಿದ್ದೇನೆ.

ನನ್ನ ಕ್ರಮದಲ್ಲಿ ಉಜ್ಜುವುದು ಮೊದಲು, ತೊಳೆಯುವುದು ಆಮೇಲೆ. ವಾರಕ್ಕೆ ಎರಡು ಬಾರಿ ಒಣ ಹಿಮ್ಮಡಿಯ ಅಂಚನ್ನು ಕಾಲುಜ್ಜುವ ನಯವಾದ ಫೈಲಿನಿಂದ (ಅರದಂಥ ಪಟ್ಟಿಯಿಂದ) ಒಂದೇ ದಿಕ್ಕಿಗೆ ಉಜ್ಜುತ್ತೇನೆ. ನೆನೆದ ಚರ್ಮವನ್ನು ಉಜ್ಜಿದರೆ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ, ಬದುಕಿರುವ ಚರ್ಮವೂ ಕಿತ್ತುಬರುತ್ತದೆ. ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ಇಟ್ಟು, ಒತ್ತಿ ಒರೆಸಿ, ಗಟ್ಟಿಯಾದ ಅಂಚಿಗೆ ಮಾತ್ರ ಶೇಕಡಾ 20ರಿಂದ 25ರಷ್ಟು ಯೂರಿಯಾ ಇರುವ ಕ್ರೀಮನ್ನು ತೆಳ್ಳಗೆ ಸವರುತ್ತೇನೆ. ಬಾಯಿಬಿಟ್ಟ ಸೀಳಿನೊಳಗೆ ಅದು ಹೋದರೆ ಉರಿಯುತ್ತದೆ. ಸೀಳಿಗೆ ನನ್ನ ಮೇಣದ ಮುಲಾಮನ್ನು ತುಂಬಿ, ಹತ್ತಿಯ ಕಾಲುಚೀಲ ಹಾಕಿಸಿ ಮಲಗಲು ಹೇಳುತ್ತೇನೆ. ಉಜ್ಜದ ದಿನಗಳಲ್ಲಿ ಕಾಲು ತೊಳೆದ ಮೂರ್ನಾಲ್ಕು ನಿಮಿಷದೊಳಗೆ ಮುಲಾಮು ಹಚ್ಚಬೇಕೆಂಬುದೊಂದನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಲು ಹೇಳುತ್ತೇನೆ.

ಯೂರಿಯಾ ಎಂದ ಕೂಡಲೇ ಲೈನ್ ಮನೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. "ಅಕ್ಕಾ, ತೋಟಕ್ಕೆ ಹಾಕುವ ಗೊಬ್ಬರವನ್ನು ಕಾಲಿಗೆ ಹಚ್ಚುತ್ತೀರಾ?" ಎಂದು ಕೇಳಿದವರೂ ಇದ್ದರು, ಅದೇ ಗೊಬ್ಬರವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಿ ಹಣ ಉಳಿಸೋಣವೆಂದವರೂ ಇದ್ದರು. ಮೂಲವಸ್ತು ಒಂದೇ ಆದರೂ ಗೊಬ್ಬರದಲ್ಲಿ ಬೈಯುರೆಟ್‌ನಂಥ ಕಲ್ಮಶವಿರುತ್ತದೆ, ಮೇಲೆ ಬೇವಿನೆಣ್ಣೆಯ ಲೇಪನವಿರುತ್ತದೆ, ಜೊತೆಗೆ ಯೂರಿಯಾ ಎಣ್ಣೆಯಲ್ಲಿ ಕರಗುವುದೇ ಇಲ್ಲ ಎಂದು ಅವರಿಗೆಲ್ಲ ತಾಳ್ಮೆಯಿಂದ ವಿವರಿಸಬೇಕಾಯಿತು.

ಮುಲಾಮಿಗೆ ಒಂದು ಪಾಲು ಜೇನುಮೇಣಕ್ಕೆ ನಾಲ್ಕೂವರೆ ಪಾಲು ತೆಂಗಿನೆಣ್ಣೆ ಬೇಕು. ಡಿಸೆಂಬರ್‌ನ ಚಳಿಗೆ ಎಣ್ಣೆಯೇ ಗಟ್ಟಿಯಾಗುವುದರಿಂದ ಆಗ ಐದು ಪಾಲು ಹಾಕುತ್ತೇನೆ. ಮೇಣವನ್ನು ನೀರಿನೊಂದಿಗೆ ಕರಗಿಸಿ ಬಟ್ಟೆಯಲ್ಲಿ ಎರಡು ಬಾರಿ ಸೋಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಎಣ್ಣೆಯೊಂದಿಗೆ ಸೇರಿಸಬೇಕು. ನೇರ ಉರಿ ತಗುಲಿದರೆ ಮೇಣ ಕಂದಿ ವಾಸನೆ ಬರುತ್ತದೆ. ಆರುವ ಹೊತ್ತಿಗೆ ನಾನು ಇನ್ನೊಂದು ಪದಾರ್ಥ ಸೇರಿಸುತ್ತೇನೆ. ನನ್ನ ಡಬ್ಬಿಗೆ ಗಿರಾಕಿ ಬರುವುದೇ ಅದರಿಂದಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಮೇಣಕ್ಕೆ ಕಿಲೋಗೆ ಐನೂರು ಆರುನೂರು ರೂಪಾಯಿ ಕೊಟ್ಟಿದ್ದೇನೆ. 1990ರ ದಶಕದ ಆರಂಭದಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ನಾಶಮಾಡದೆ ಇದ್ದಿದ್ದರೆ ಬಹುಶಃ ಇಷ್ಟು ಕೊಡಬೇಕಾಗಿರಲಿಲ್ಲ. ಐವತ್ತು ಗ್ರಾಮಿನ ಡಬ್ಬಿಗೆ ನಲವತ್ತರ ಆಸುಪಾಸು ಖರ್ಚಾಗುತ್ತದೆ, ಎಂಬತ್ತಕ್ಕೆ ಮಾರುತ್ತೇನೆ. ಮೊದಲ ವರ್ಷ ಕ್ರೀಮು, ಕಾಲುಚೀಲ, ಡಬ್ಬಿ ಎಲ್ಲ ಸೇರಿ ಏಳೆಂಟು ಸಾವಿರ ಕೈಬಿಟ್ಟಿತು. ಎರಡನೆಯ ವರ್ಷದ ಜನವರಿಯಲ್ಲಿ ಅದು ಮರಳಿ ಬಂತು.

ಕೊಡಗಿನ ಅಡುಗೆಯಲ್ಲಿ ಬಳಸುವ ಕಪ್ಪು ಹುಳಿರಸವಾದ ಕಾಚಂಪುಳಿಯ ಹುಳಿಗೆ ಗಟ್ಟಿ ಚರ್ಮ ಮೆತ್ತಗಾಗಬಹುದೆಂದು ಅದನ್ನೂ ನೀರಿನಲ್ಲಿ ತೆಳುಮಾಡಿ ನನ್ನ ಕಾಲಿನ ಮೇಲೆಯೇ ಪ್ರಯೋಗಿಸಿದೆ. ಉರಿ ಬಂತು, ಹಾಸಿಗೆಯ ಬಟ್ಟೆ ಕಪ್ಪಾಯಿತು. ಅಷ್ಟು ಬೆಲೆಬಾಳುವ ವಸ್ತು ಹಂದಿಕರಿಗೇ ಇರಲಿ. ಜೇನುತುಪ್ಪ ಹಚ್ಚಿದ ರಾತ್ರಿ ಇರುವೆ ಮುತ್ತಿತು. ಮುರುಗಲು ತುಪ್ಪ ಒಳ್ಳೆಯದೇ, ಆದರೆ ಡಬ್ಬಿಯ ಬೆಲೆ ದುಪ್ಪಟ್ಟಾಗುತ್ತದೆ.

ಆಳವಾದ ಸೀಳಿಗೆ ಮುಲಾಮಿನಿಂದಷ್ಟೇ ಸಾಲದು, ಏಕೆಂದರೆ ರಾತ್ರಿ ಕೂಡಿದ್ದು ಬೆಳಿಗ್ಗೆ ಇಳಿಜಾರು ಹತ್ತುವಾಗ ಮತ್ತೆ ಬಾಯಿಬಿಡುತ್ತದೆ. ಕೆಲಸಕ್ಕೆ ಹೊರಡುವ ಮುನ್ನ ಸೀಳಿನ ಎರಡೂ ಬದಿಗಳನ್ನು ಹತ್ತಿರಕ್ಕೆ ಒತ್ತಿ ಹಿಡಿದು, ಅಡ್ಡಲಾಗಿ ಬಟ್ಟೆಯ ಪ್ಲಾಸ್ಟರ್ ಹಾಕುವುದನ್ನು ಆರಂಭಿಸಿದ ಮೇಲೆಯೇ ನನ್ನ ವಿಧಾನ ಫಲ ಕೊಟ್ಟದ್ದು. ಎಣ್ಣೆಯ ಪಸೆ ಇದ್ದರೆ ಪ್ಲಾಸ್ಟರ್ ನಿಲ್ಲುವುದಿಲ್ಲವಾದ್ದರಿಂದ ಸೋಪಿನಿಂದ ತೊಳೆದು ಒಣಗಿಸಿಯೇ ಹಾಕಬೇಕು. ಸಂಜೆಯವರೆಗೆ ಬಿಚ್ಚದಂತೆ ಅದರ ತುದಿಗಳನ್ನು ಕತ್ತರಿಸುವ ಬಗೆಯನ್ನು ಎದುರಿಗೆ ಬಂದು ಕೂತವರಿಗೆ ತೋರಿಸುತ್ತೇನೆ.

ಸಕ್ಕರೆ ಕಾಯಿಲೆ ಇರುವವರ ಕಾಲನ್ನು, ಸೀಳಿನಲ್ಲಿ ಕೀವು ಅಥವಾ ಸುತ್ತ ಕೆಂಪು ಊತ ಇರುವವರ ಕಾಲನ್ನು ನಾನು ಮುಟ್ಟದೆ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಅಂಗಾಲಿಡೀ ಬೂದಿ ಬಳಿದಂತೆ ಒಣಗಿ ಹೊಟ್ಟೇಳುತ್ತಿದ್ದು, ಬೆರಳ ಸಂದಿಯಲ್ಲಿ ತುರಿಕೆಯೂ ಇದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು, ಅದಕ್ಕೆ ಮೇಣ ಮೆತ್ತಿ ಪ್ರಯೋಜನವಿಲ್ಲ. ವಾಸಿಯಾಗದೆ ಉಳಿದ ನಾಲ್ಕನೇ ಒಂದು ಪಾಲು ಜನರಲ್ಲಿ ಹಲವರಿಗೆ ಇದ್ದದ್ದು ಇದೇ ತೊಂದರೆ ಎಂದು ನನ್ನ ಅಂದಾಜು. ಆದ್ದರಿಂದ ಈ ವರ್ಷ ಅಕ್ಟೋಬರ್‌ನಲ್ಲಿ ಡಬ್ಬಿ ಹಂಚುವ ಮೊದಲೇ ಪ್ರತಿಯೊಬ್ಬರ ಬೆರಳ ಸಂದಿಗಳನ್ನೂ ಬಿಡಿಸಿ ನೋಡಲಿದ್ದೇನೆ.