ತಯಾರಿಕೆ ನಿಂತುಹೋದ ಬುಲೆಟ್ ಅಚ್ಚು ಕೈಗೆ ಸಿಕ್ಕಿದ್ರೆ: ಗುರುತಿಸೋದು, ಎರಕ ಹೊಯ್ಯೋದು

ಅಮೆರಿಕದ ಗನ್ ಶೋಗಳಲ್ಲಿ, ಎಸ್ಟೇಟ್ ಸೇಲ್‌ಗಳಲ್ಲಿ ಟೇಬಲ್ ಕೆಳಗಿನ ಡಬ್ಬಿ ಕೆದಕಿದ್ರೆ ತುಕ್ಕು ಹಿಡಿದ ಕಬ್ಬಿಣದ ಬ್ಲಾಕ್‌ಗಳು ಸಿಗ್ತವೆ, ಮೇಲೊಂದು ಸ್ಪ್ರೂ ಪ್ಲೇಟು (ಸೀಸ ಸುರಿಯೋ ತೂತಿರೋ, ತಿರುಗೋ ತಗಡು), ಪಕ್ಕದಲ್ಲಿ ಮಾಸಿಹೋದ ನಂಬರು. ಕೆಲವದರ ಕಂಪನಿ ಮುಚ್ಚಿ ವರ್ಷಗಳೇ ಆಗಿರತ್ತೆ, ಆದ್ರೆ ಅಚ್ಚು ಇವತ್ತಿಗೂ ಗಟ್ಟಿಮುಟ್ಟಾಗಿ ಕೆಲಸ ಮಾಡತ್ತೆ. ಅಲ್ಲಿರೋ ಕನ್ನಡದವರು ಯಾರಾದ್ರೂ ಮನೇಲಿ ಸೀಸ ಕರಗಿಸಿ ಗುಂಡು ಹೊಯ್ಕೊಳ್ಳೋ ಹವ್ಯಾಸ ಇಟ್ಕೊಂಡಿದ್ರೆ ಅವರಿಗೋಸ್ಕರ ಇದು. ನಾನು ಮತ್ತೆ ಮತ್ತೆ ಹೇಳೋದು ಒಂದೇ ಮಾತು, ಬ್ಲಾಕ್ ಮೇಲಿನ ನಂಬರ್ ಬರೀ ಹೆಸರು ಅಷ್ಟೇ, ನಂಬ್ಬೇಕಾಗಿರೋದು ಅದರಿಂದ ಉದುರೋ ಗುಂಡಿನ ಅಳತೆಯನ್ನ.

ಮೊದಲು ಕಾನೂನು. ಅಮೆರಿಕದಲ್ಲಿ ಸ್ವಂತ ಬಳಕೆಗೆ ಗುಂಡು ಹೊಯ್ಯೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋಕೆ ಶುರು ಮಾಡಿದ್ರೆ ಟೈಪ್ 06 (ಮದ್ದುಗುಂಡು ತಯಾರಕರ) ಲೈಸೆನ್ಸ್ ಬೇಕು, ಅದರ ಮೇಲೆ ನಿಮ್ಮ ರಾಜ್ಯದ ಕಾನೂನು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಭಾರತದಲ್ಲಂತೂ ಇದನ್ನ ಮಾಡೋಕೆ ಹೋಗ್ಲೇಬೇಡಿ. 1959ರ ಆರ್ಮ್ಸ್ ಆಕ್ಟ್‌ನಲ್ಲಿ ಮದ್ದುಗುಂಡು ತಯಾರಿಸೋ ಸಲಕರಣೆನೂ ಮದ್ದುಗುಂಡಿನ ವ್ಯಾಖ್ಯೆ ಒಳಗೇ ಬರತ್ತೆ, ಹಾಗಾಗಿ ಊರಿಗೆ ಹೋಗುವಾಗ ಸೂಟ್‌ಕೇಸಲ್ಲಿ ಒಂದು ಖಾಲಿ ಅಚ್ಚನ್ನ ಹಾಕ್ಕೊಂಡು ಹೋಗೋದೂ ತಪ್ಪು, ಚಿಕ್ಕಪ್ಪನಿಗೆ ತೋರಿಸೋಕೆ ಅಂದ್ರೂ ಬೇಡ.

ಈಗ ನಂಬರ್ ಓದೋ ಕೆಲಸ. ಬ್ಲಾಕನ್ನ ಒಂದು ಬಟ್ಟೆಗೆ ಎಣ್ಣೆ ಹಚ್ಚಿ ಒರೆಸಿ, ಕತ್ತಲೆ ರೂಮಲ್ಲಿ ಟಾರ್ಚನ್ನ ಪಕ್ಕದಿಂದ ಹಿಡೀರಿ, ನೇರ ಬೆಳಕಲ್ಲಿ ಕಾಣದ ಅಂಕಿಗಳು ಓರೆ ಬೆಳಕಲ್ಲಿ ನೆರಳು ಬಿದ್ದು ಎದ್ದು ಕಾಣ್ತವೆ. ಹೆಚ್ಚಾಗಿ ಸಿಗೋದು ಐಡಿಯಲ್ ಮತ್ತೆ ಲೈಮನ್. ಐಡಿಯಲ್ ಕಂಪನಿನ ಜಾನ್ ಬಾರ್ಲೋ 1884ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಶುರು ಮಾಡಿದ್ದು, 1910ರಲ್ಲಿ ಅದು ಮಾರ್ಲಿನ್ ಕೈಗೆ ಹೋಯ್ತು, 1925ರಲ್ಲಿ ಲೈಮನ್ ತಗೊಂಡ್ತು. ಇವರ ಆರಂಕಿ ನಂಬರಲ್ಲಿ ಮೊದಲ ಮೂರು ಅಂಕಿ ವ್ಯಾಸ, ಇಂಚಿನ ಸಾವಿರಾಂಶದಲ್ಲಿ, ಕೊನೇ ಮೂರು ಡಿಸೈನ್ ನಂಬರ್. 429421 ಅಂದ್ರೆ 0.429 ಇಂಚು, 421ನೇ ಡಿಸೈನು, ಅಮೆರಿಕದ ಬಂದೂಕು ಬರಹಗಾರ ಎಲ್ಮರ್ ಕೀತ್ ರೂಪಿಸಿದ .44 ಕ್ಯಾಲಿಬರ್ ಗುಂಡು. 358156 ಅಂದ್ರೆ ರೇ ಥಾಂಪ್ಸನ್ ರೂಪಿಸಿದ್ದು, ಬುಡಕ್ಕೆ ಗ್ಯಾಸ್ ಚೆಕ್ ಅನ್ನೋ ಸಣ್ಣ ಲೋಹದ ಬಟ್ಟಲು ಹಾಕೋದು. 457125 ಅಂದ್ರೆ .45-70 ರೈಫಲ್ಲಿನ ಸುಮಾರು 500 ಗ್ರೇನ್ ಗುಂಡು. 7000 ಗ್ರೇನ್ ಒಂದು ಪೌಂಡು, ತೂಕದ ಅಂದಾಜಿಗೆ ಇದು ನೆನಪಿರಲಿ. ಇನ್ನೂ ಹಳೇ ಕಾಲದ, ಹಿಡಿಕೆ ಸಮೇತ ಒಂದೇ ತುಂಡಾಗಿರೋ ಇಕ್ಕಳದಂಥ ಟೂಲ್‌ಗಳ ಮೇಲೆ ಇಂಥ ನಂಬರ್ ಇರದೆ ಕಾರ್ಟ್ರಿಜ್ ಹೆಸರು ಮಾತ್ರ ಇರೋದೂ ಉಂಟು.

ಆದ್ರೆ ಒಂದೇ ನಂಬರ್ ಇದ್ರೆ ಒಂದೇ ಗುಂಡು ಬರತ್ತೆ ಅನ್ಕೋಬೇಡಿ. ಹಳೇ 429421ರಲ್ಲಿ ಗ್ರೀಸ್ ಗ್ರೂವ್ (ಗುಂಡಿನ ಸುತ್ತ ಗ್ರೀಸ್ ತುಂಬೋ ತೋಡು) ಚೌಕಾಕಾರ ಇತ್ತು, ಆಮೇಲಿನವುಗಳಲ್ಲಿ ಅದು ದುಂಡಾಯ್ತು, ನಂಬರ್ ಮಾತ್ರ ಅದೇ ಉಳೀತು. ಇನ್ನೊಂದು ಕಾರಣ ಏನಂದ್ರೆ ಕ್ಯಾವಿಟಿ, ಅಂದ್ರೆ ಗುಂಡಿನ ಆಕಾರದ ಕುಳಿ, ಕೊರೆಯೋ ಕಟ್ಟರು, ಅದಕ್ಕೆ ಚೆರ್ರಿ ಅಂತಾರೆ, ಅದು ಸವೀತಾ ಸವೀತಾ ಚಿಕ್ಕ ಗುಂಡು ಕೊಡತ್ತೆ, ಹಾಗಾಗಿ ಹೊಸ ಚೆರ್ರಿಲಿ ಕೊರೆದ ಅಚ್ಚಿಗೂ ಸವೆದದ್ರಲ್ಲಿ ಕೊರೆದ ಅಚ್ಚಿಗೂ ವ್ಯತ್ಯಾಸ ಇದ್ದೇ ಇರತ್ತೆ.

ಹೆನ್ಸ್‌ಲಿ ಅಂಡ್ ಗಿಬ್ಸ್ ಅಚ್ಚು ಸಿಕ್ಕಿದ್ರೆ ನಿಮ್ಮ ಅದೃಷ್ಟ. ಮೊದಲು ಸ್ಯಾನ್ ಡಿಯಾಗೋ, ಆಮೇಲೆ ಆರೆಗಾನ್ ರಾಜ್ಯದ ಮರ್ಫಿ ಊರಲ್ಲಿ ಮಾಡ್ತಿದ್ರು, ಈಗ ಕಂಪನಿ ಇಲ್ಲ, ಕೆಲಸ ಮಾತ್ರ ಅಷ್ಟು ಅಚ್ಚುಕಟ್ಟು. ಇವರ ನಂಬರಿಂದ ವ್ಯಾಸ ಗೊತ್ತಾಗಲ್ಲ, 68 ಅಂದ್ರೆ .45ರ 200 ಗ್ರೇನ್ ಟಾರ್ಗೆಟ್ ಗುಂಡು, 503 ಅಂದ್ರೆ ಕೀತ್ ಮಾದರಿಯ .44, ಹಳೇ ಪಟ್ಟಿ ನೋಡಿನೇ ತಿಳ್ಕೋಬೇಕು. ಆರ್‌ಸಿಬಿಎಸ್, ಲೀ ಕಂಪನಿಗಳ ಅಚ್ಚು ಸುಲಭ, ಹೆಸರಲ್ಲೇ ಎಲ್ಲಾ ಇರತ್ತೆ. ಲೀ ಅವರ ಅಲ್ಯೂಮಿನಿಯಂ ಅಚ್ಚಲ್ಲಿ ಸಿ309-170-ಎಫ್ ಅಂತ ಇದ್ರೆ ಗ್ಯಾಸ್ ಚೆಕ್, 0.309 ಇಂಚು, 170 ಗ್ರೇನ್, ಚಪ್ಪಟೆ ಮೂಗು.

ದುಡ್ಡು ಕೊಡೋ ಮೊದಲು ನೋಡ್ಬೇಕಾದ್ದು ಇಷ್ಟು: ಎರಡೂ ಅರ್ಧದ ಮೇಲೆ ಚಿಕ್ಕದಾಗಿ ಜೋಡಿ ನಂಬರ್ ಹೊಡೆದಿದ್ರೆ ಅದು ಎರಡರಲ್ಲೂ ಒಂದೇ ಇರ್ಬೇಕು, ಬೇರೆ ಬೇರೆ ಇದ್ರೆ ಎರಡು ಅಚ್ಚಿನ ಅರ್ಧ ಸೇರಿಸಿ ಮಾರ್ತಿದಾರೆ ಅಂತ ಅರ್ಥ, ಬಿಟ್ಬಿಡಿ. ಬ್ಲಾಕ್ ಮುಚ್ಚಿ ಬೆಳಕಿಗೆ ಹಿಡಿದ್ರೆ ಸಂದಿಲಿ ಬೆಳಕು ತೂರ್ಬಾರ್ದು. ಹೊರಗಡೆ ತುಕ್ಕು ಎಷ್ಟಿದ್ರೂ ಪರವಾಗಿಲ್ಲ, ಕ್ಯಾವಿಟಿ ಒಳಗೆ ಗುಳಿ ಬಿದ್ದಿದ್ರೆ ಅದು ಪ್ರತಿ ಗುಂಡಿನ ಮೇಲೂ ಗುಬುಟಾಗಿ ಬರತ್ತೆ. ಬುಡದ ಅಂಚು ಚೂಪಾಗಿರ್ಬೇಕು, ಯಾರೋ ಸ್ಕ್ರೂಡ್ರೈವರಲ್ಲಿ ಮೀಟಿ ಗುಂಡು ತೆಗೆದಿದ್ರೆ ಅಲ್ಲೇ ಗೊತ್ತಾಗತ್ತೆ. ಹ್ಯಾಂಡಲ್ ಎಲ್ಲಾ ಕಂಪನಿದೂ ಒಂದಕ್ಕೊಂದು ಕೂರಲ್ಲ, ಹ್ಯಾಂಡಲ್ ಸಮೇತ ಸಿಕ್ಕಿದ್ರೆ ಒಂದೈದು ಡಾಲರ್ ಜಾಸ್ತಿ ಆದ್ರೂ ತಗೊಳ್ಳಿ.

ತುಕ್ಕು ತೆಗೆಯೋಕೆ ಉಕ್ಕಿನ ಬ್ರಷ್, ಮರಳು ಕಾಗದ ಕ್ಯಾವಿಟಿ ಹತ್ರ ತರ್ಲೇಬೇಡಿ. ತುಕ್ಕು ಕರಗಿಸೋ ದ್ರಾವಣದಲ್ಲಿ ನೆನೆಸಿ, ಪಾತ್ರೆ ತೊಳೆಯೋ ಸೋಪು ಬಿಸಿನೀರಲ್ಲಿ ಹಳೇ ಟೂತ್ ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ. ಗಾಳಿ ಹೋಗೋ ಗೆರೆಗಳಲ್ಲಿ ಹಳೇ ಸೀಸ ಕೂತಿದ್ರೆ ಬ್ಲಾಕ್ ಬಿಸಿ ಮಾಡಿ ಮರದ ಕಡ್ಡಿಲಿ ಕೆರೆದು ತೆಗೀರಿ. ಎಣ್ಣೆ ಜಿಡ್ಡು ಸ್ವಲ್ಪ ಉಳಿದ್ರೂ ಗುಂಡು ಸುಕ್ಕು ಸುಕ್ಕಾಗಿ ಬರತ್ತೆ.

ನಂಬರೇ ಇಲ್ಲದ ಅಚ್ಚಾದ್ರೆ ಸೀಸ ಕರಗಿಸೋಕೆ ಮೊದ್ಲೇ ಸೆರೋಸೇಫ್ ಅನ್ನೋ ಲೋಹ ಸುರಿದು ನೋಡಬಹುದು, 70ರಿಂದ 88 ಡಿಗ್ರಿ ಸೆಲ್ಸಿಯಸ್ಸಲ್ಲೇ ಕರಗತ್ತೆ, ಒಂದು ಗಂಟೆ ಬಿಟ್ಟು ಅಳೆದ್ರೆ ಕ್ಯಾವಿಟಿ ಅಳತೆ ಸಿಗತ್ತೆ. ಬುಡದಲ್ಲಿ ಸಣ್ಣ ಮೆಟ್ಟಿಲಿನಂಥದ್ದು ಕಂಡ್ರೆ ಅದು ಗ್ಯಾಸ್ ಚೆಕ್ ಡಿಸೈನು.

ಎರಕ ಹೊಯ್ಯೋ ಜಾಗ ಗಾಳಿ ಆಡೋ ಹಾಗಿರ್ಲಿ, ಅಡುಗೆಮನೆ ಅಂತೂ ಖಂಡಿತ ಬೇಡ, ಮಕ್ಕಳು, ಬಸುರಿ ಹೆಂಗಸರು ಆ ಕಡೆ ಬರೋದೇ ಬೇಡ. ಇದರಲ್ಲಿ ನನಗೆ ರಾಜಿ ಇಲ್ಲ. ಸೀಸಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಇಲ್ಲ, ಅಲ್ಲಿ ಕೂತು ಕಾಫಿ ತಿಂಡಿ ಇಲ್ಲ, ಮುಗಿದ ಮೇಲೆ ಕೈ ತೊಳೆದು ಬಟ್ಟೆ ಬದಲಾಯಿಸಿ, ನೆಲ ಗುಡಿಸಬೇಡಿ, ಒದ್ದೆ ಬಟ್ಟೆಲಿ ಒರೆಸಿ. ಮೇಲಿಂದ ತೆಗೆದ ಕಿಟ್ಟದ ಪುಡಿನೂ ವಿಷವೇ, ಮುಚ್ಚಳದ ಡಬ್ಬಿಗೆ ಹಾಕಿ. ವರ್ಷಕ್ಕೊಂದ್ಸಲ ರಕ್ತದಲ್ಲಿ ಸೀಸದ ಟೆಸ್ಟ್ ಮಾಡಿಸ್ಕೊಳ್ಳಿ. ಇನ್ನು ನೀರು: ಕರಗಿದ ಸೀಸದೊಳಗೆ ಒಂದು ಹನಿ ನೀರು ಮುಳುಗಿದ್ರೆ ಹಬೆಯಾಗಿ ಸಿಡಿದು ಪಾತ್ರೆಯಲ್ಲಿರೋದೆಲ್ಲಾ ಮೈಮೇಲೆ ಬರತ್ತೆ, ಅದಕ್ಕೇ ಕಣ್ಣು ಕಾಯೋ ಸುರಕ್ಷಾ ಕನ್ನಡಕ, ಚರ್ಮದ ಗ್ಲೌಸು, ಪೂರ್ತಿ ತೋಳಿನ ಹತ್ತಿ ಅಂಗಿ, ಗಟ್ಟಿ ಶೂ.

ಹಳೇ ಲೈಮನ್ ಕ್ಯಾಟಲಾಗ್‌ಗಳ ತೂಕ ಸಾಮಾನ್ಯವಾಗಿ ನಂಬರ್ 2 ಮಿಶ್ರಲೋಹದ್ದು, 90 ಭಾಗ ಸೀಸ, 5 ತವರ, 5 ಆಂಟಿಮನಿ. ಬರೀ ಸೀಸದಲ್ಲಿ ಹೊಯ್ದ್ರೆ ಗುಂಡು ಅದಕ್ಕಿಂತ ಭಾರ ಬರತ್ತೆ, ಲೈನೋಟೈಪಲ್ಲಿ (ಹಳೇ ಮುದ್ರಣದ ಅಕ್ಷರದ ಲೋಹ) ಹಗುರ. ಟೈರಿನ ವ್ಹೀಲ್ ವೇಟ್ (ಚಕ್ರದ ಸಮತೋಲಕ್ಕೆ ಹಾಕೋ ತೂಕದ ತುಂಡು) ಬಳಸೋರು ಜೋಪಾನ, ಈಗ ಅದರಲ್ಲಿ ಸತು ಸೇರ್ಕೊಂಡಿರತ್ತೆ, ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್ಸಲ್ಲಿ, ಸತು 419ರಲ್ಲಿ, ಹಾಗಾಗಿ ಉರಿ ಕಮ್ಮಿ ಇಟ್ಟು ತೇಲೋದನ್ನ ತೆಗೆದುಬಿಡಿ. ಸ್ವಲ್ಪ ಜೇನುಮೇಣ ಹಾಕಿ ಕಲಕಿ ಕಿಟ್ಟ ಬೇರ್ಪಡಿಸಿ, 340ರಿಂದ 400 ಡಿಗ್ರಿ ಒಳಗೆ ಹೊಯ್ಯಿರಿ.

ಕಬ್ಬಿಣದ ಬ್ಲಾಕ್ ನಿಧಾನಕ್ಕೆ ಕಾಯತ್ತೆ, ಪಾತ್ರೆ ಅಂಚಲ್ಲಿಟ್ಟು ಬೆಚ್ಚಗೆ ಮಾಡ್ಕೊಳ್ಳಿ. ಸುರಿದ ಮೇಲೆ ಪ್ಲೇಟ್ ಮೇಲಿನ ಹೊಳೆಯೋ ಗುಡ್ಡೆನ ನೋಡ್ತಾ ಇರಿ, ಕನ್ನಡಿಯಂಗೆ ಇದ್ದದ್ದು ಇದ್ದಕ್ಕಿದ್ದಂಗೆ ಮಾಸಿ ನಡುವೆ ಸಣ್ಣ ಕುಳಿ ಬೀಳತ್ತೆ, ಅದಾಗಿ ಒಂದೆರಡು ಕ್ಷಣಕ್ಕೆ ಪ್ಲೇಟ್ ತಿರುಗಿಸಿ. ಬೇಗ ತಿರುಗಿಸಿದ್ರೆ ಬುಡ ಹರಿಯತ್ತೆ, ಸೀಸ ಪ್ಲೇಟಿಗೆ ಮೆತ್ಕೊಳತ್ತೆ. ಸುಕ್ಕು ಬಂದ್ರೆ ಅಚ್ಚು ತಣ್ಣಗಿದೆ, ಮಂಜು ಕವಿದಂಗೆ ಬಿಳಿಚಿದ್ರೆ ಕಾವು ಜಾಸ್ತಿ. ಗುಂಡು ಅಂಟ್ಕೊಂಡ್ರೆ ಹ್ಯಾಂಡಲಿನ ಕೀಲಿಗೆ ಮರದ ಕೋಲಲ್ಲಿ ತಟ್ಟಿ, ಬ್ಲಾಕಿಗೆ ಹೊಡೀಬೇಡಿ.

ತಣ್ಣಗಾದ ಗುಂಡನ್ನ ಮೈಕ್ರೋಮೀಟರಲ್ಲಿ ಎರಡು ಕಡೆ ಅಳೀರಿ, ಜೋಡಣೆ ಗೆರೆ ಉದ್ದಕ್ಕೆ ಒಂದ್ಸಲ, ಅಡ್ಡಕ್ಕೆ ಒಂದ್ಸಲ, ಎರಡಕ್ಕೂ ತುಂಬಾ ವ್ಯತ್ಯಾಸ ಇದ್ರೆ ಬ್ಲಾಕ್ ಸರಿಯಾಗಿ ಮುಚ್ತಿಲ್ಲ. ಮೆತ್ತನೆ ಸೀಸದ ತುಂಡನ್ನ, ಖಾಲಿ ಅಂತ ಎರಡು ಸಲ ನೋಡ್ಕೊಂಡ ನಿಮ್ಮ ಬ್ಯಾರೆಲ್ ಒಳಗೆ ತೂರಿಸಿ ತೆಗೆದು ಗ್ರೂವ್ ವ್ಯಾಸ (ಬ್ಯಾರೆಲ್ ಒಳಗಿನ ಸುರುಳಿ ತೋಡುಗಳ ವ್ಯಾಸ) ಅಳೀರಿ, ಗುಂಡು ಅದಕ್ಕಿಂತ 0.001 ಇಂಚು ದಪ್ಪ ಇದ್ರೆ ಸರಿ. ಸಣ್ಣ ಬಂದ್ರೆ ಬ್ಯಾರೆಲ್ ತುಂಬಾ ಸೀಸ ಮೆತ್ಕೊಳತ್ತೆ, ಆಗ ಬ್ಲಾಕಿನ ಎರಡು ಅರ್ಧ ಕೂಡೋ ಮುಖಕ್ಕೆ ಶಾಖ ತಡೆಯೋ ಅಲ್ಯೂಮಿನಿಯಂ ಟೇಪಿನ ಸಣ್ಣ ಚೂರು ಅಂಟಿಸಿ ಸ್ವಲ್ಪ ದಪ್ಪ ಮಾಡ್ಕೋಬಹುದು. ಮದ್ದಿನ ಪ್ರಮಾಣಕ್ಕೆ ಮಾತ್ರ ಅಚ್ಚಿನ ಕಾಲದ ಪುಸ್ತಕ ಹಿಡ್ಕೊಂಡು ಕೂರಬೇಡಿ, ನಿಮ್ಮ ಗುಂಡಿನ ನಿಜವಾದ ತೂಕ, ಆಕಾರಕ್ಕೆ ಹೊಂದೋದನ್ನ ಈಗಿನ ಮ್ಯಾನುಯಲ್‌ನಲ್ಲಿ ಹುಡುಕಿ ಶುರುವಿನ ಪ್ರಮಾಣದಿಂದಲೇ ಹೊರಡಿ.

ಕೆಲಸ ಮುಗಿದ ಮೇಲೆ ತಣ್ಣಗಾದ ಬ್ಲಾಕಿಗೆ ತೆಳ್ಳಗೆ ಎಣ್ಣೆ ಸವರಿ, ಡಬ್ಬಿಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಒಂದು ಗುಂಡನ್ನೂ ಅದರೊಳಗೇ ಹಾಕಿ, ಯಾವ ಮಿಶ್ರಲೋಹ, ಎಷ್ಟು ಇಂಚು, ಎಷ್ಟು ಗ್ರೇನ್ ಬಂತು ಅಂತ ಚೀಟಿ ಬರೆದಿಡಿ.