ಯೂರಿನಲ್ ಪೈಪು ಕಟ್ಟಿಕೊಂಡಿದೆಯಾ? ಆ್ಯಸಿಡ್ ಬಿಡಿ, ಪೈಪೇ ಬದಲಿಸಿ

ರಾಯಚೂರು, ಸಿಂಧನೂರು, ಗಂಗಾವತಿ ಕಡೆಯ ಅಂಗಡಿ, ಖಾನಾವಳಿ, ಅಕ್ಕಿ ಗಿರಣಿಗಳಲ್ಲಿ ಯೂರಿನಲ್ ಕಟ್ಟಿಕೊಂಡರೆ ಎಲ್ಲರೂ ಮೊದಲು ಮಾಡುವುದು ಒಂದೇ, ಆ್ಯಸಿಡ್ ಸುರಿಯುವುದು. ನಾಲ್ಕು ದಿನ ನೀರು ಇಳಿಯುತ್ತದೆ, ಆಮೇಲೆ ಮತ್ತೆ ಅದೇ ಗೋಳು. ಯಾಕಂದ್ರೆ ಒಳಗೆ ಕೂತಿರುವುದು ಬರೀ ಕೊಳೆ ಅಲ್ಲ, ಕಲ್ಲು. ಮೂತ್ರದ ಯೂರಿಯಾ ಬ್ಯಾಕ್ಟೀರಿಯಾದಿಂದ ಅಮೋನಿಯಾ ಆಗುತ್ತದೆ, ಮೂಗಿಗೆ ಹೊಡೆಯುವ ಘಾಟು ಅದರದ್ದೇ. ಆಗ ಮೂತ್ರದಲ್ಲಿರುವ ಫಾಸ್ಫೇಟು, ಗಡಸು ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿ ಪೈಪಿನ ಒಳಮೈಗೆ ಪದರ ಪದರವಾಗಿ ಅಂಟುತ್ತವೆ. ಹಳೇ ಪೈಪನ್ನು ಉದ್ದಕ್ಕೆ ಸೀಳಿ ನೋಡಿ. ಕಂದುಬಣ್ಣದ ಗಟ್ಟಿ ಪದರ, ಉಗುರಿಗೆ ಜಗ್ಗುವುದಿಲ್ಲ, ನಡುವೆ ಪೆನ್ಸಿಲ್ ತೂರುವಷ್ಟು ಸಂದಿ.

ಯೂರಿನಲ್‌ನಿಂದ ಗೋಡೆಗೆ ಹೋಗುವ ಈ ಪೈಪು ದುಬಾರಿ ಸಾಮಾನಲ್ಲ, ಬದಲಿಸುವುದೂ ಕಷ್ಟವಲ್ಲ. ಆದರೆ ಬಿಚ್ಚುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಇತ್ತೀಚೆಗೆ ಯಾರಾದರೂ ಆ್ಯಸಿಡ್ ಹಾಕಿದ್ದಾರಾ? ಕಟ್ಟಿಕೊಂಡ ಪೈಪಿನಲ್ಲಿ ಅದು ಹಾಗೇ ನಿಂತಿರುತ್ತದೆ, ನಟ್ ಸಡಿಲಿಸಿದ ಕೂಡಲೇ ಕೈಮೇಲೆ, ಮುಖದ ಮೇಲೆ ಸಿಡಿಯಬಹುದು. ರಬ್ಬರ್ ಗ್ಲೌಸು, ಕನ್ನಡಕ ಹಾಕದೆ ಕೈ ಹಚ್ಚಬೇಡಿ. ಆ್ಯಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಎರಡೂ ಸೇರಿದರೆ ಕ್ಲೋರಿನ್ ಗ್ಯಾಸು ಬರುತ್ತದೆ, ಸಣ್ಣ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಫ್ಲಶ್ಶಿನ ನಲ್ಲಿಯನ್ನು ಬಂದ್ ಮಾಡಿ, ಕೆಳಗೆ ಬಕೆಟ್ ಇಡಿ. ಮೇಲಿನ ನಟ್ಟನ್ನು ಕೈಯಿಂದಲೇ ತಿರುಗಿಸಿ ನೋಡಿ, ಬರದಿದ್ದರೆ ಮಾತ್ರ ಪಾನಾ. ಪೈಪಿನ ತುದಿ ಬಿಗಿದುಕೊಂಡಿದ್ದರೆ ಜೋರಾಗಿ ಎಳೆಯಬೇಡಿ, ಪಿಂಗಾಣಿ ಬಿರುಕು ಬಿಟ್ಟರೆ ಇಡೀ ಯೂರಿನಲ್ ಹೋಯಿತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಆಗ ತಿರುಚುತ್ತಾ ಬಿಡಿಸಿ. ಅದಕ್ಕೂ ಜಗ್ಗದಿದ್ದರೆ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಕೊಯ್ದು ಸುಲಿದುಬಿಡಿ. ಹೇಗೂ ಎಸೆಯುವುದೇ ತಾನೆ.

ಈಗ ಗೋಡೆಯೊಳಗಿನ ಪೈಪಿಗೆ ಒಂದು ಚೊಂಬು ನೀರು ಹಾಕಿ. ಸರಸರ ಇಳಿದರೆ ಸರಿ. ನಿಂತರೆ ತೊಂದರೆ ಮುಂದಿನ ಲೈನಿನಲ್ಲೋ ಚೇಂಬರಿನಲ್ಲೋ ಇದೆ, ಯಂತ್ರದ ಗಾಡಿಯನ್ನೇ ಕರೆಸಿ. ಚೇಂಬರ್ ಗುಂಡಿಗೆ ಮಾತ್ರ ಯಾರನ್ನೂ ಇಳಿಸಬೇಡಿ, ಎಷ್ಟು ದುಡ್ಡು ಕೊಡುತ್ತೇನೆಂದರೂ ಅದು ತಪ್ಪೇ. ಒಳಗಿನ ಗ್ಯಾಸಿಗೆ ಜೀವ ಹೋಗುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅದು ಅಪರಾಧ ಕೂಡ.

ಹಳೇ ತುಂಡನ್ನು ಕವರಿನಲ್ಲಿ ಸುತ್ತಿ ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಒಳಗೆ ಗೀರುಗೀರಾಗಿ ಹಿಗ್ಗುವ ಪೈಪಿಗಿಂತ ಒಳಮೈ ನುಣ್ಣಗಿರುವುದೇ ಒಳ್ಳೆಯದು, ಗೀರಿನಲ್ಲಿ ಮೂತ್ರ ನಿಂತು ಕಲ್ಲು ಬೇಗ ಕಟ್ಟುತ್ತದೆ. ವಾಷರ್ ಹೊಸದೇ ಹಾಕಿ. ನಟ್ ಕೈಬಿಗಿಗೆ ಸಾಕು, ಜಾಸ್ತಿ ಬಿಗಿದರೆ ಸೀಳುತ್ತದೆ. ಅಡ್ಡ ಹೋಗುವ ಕಡೆ ಅಡಿಗೆ ಕಾಲಿಂಚು ಇಳಿಜಾರು ಕೊಡಿ, ನಡುವೆ ಜೋತುಬೀಳಬಾರದು. ಬಾಟಲ್ ಟ್ರ್ಯಾಪ್ (ಪೈಪಿನ ನಡುವಿನ ಬಾಟಲಿಯಂಥ ಡಬ್ಬಿ) ಇದ್ದರೆ ಅದನ್ನೂ ಬಿಚ್ಚಿ ತೊಳೆಯಿರಿ. ವಾಸನೆ ತಡೆಯುವುದು ಅದರಲ್ಲಿ ನಿಲ್ಲುವ ನೀರು, ಹಾಗಾಗಿ ತೆಗೆದುಹಾಕಬೇಡಿ. ಕೊನೆಗೆ ಒಂದು ಬಕೆಟ್ ನೀರು ಬಿಟ್ಟು, ಜಾಯಿಂಟ್ ಕೆಳಗೆ ಒಣ ಪೇಪರ್ ಹಿಡಿದು ನೋಡಿ, ತೊಟ್ಟಿಕ್ಕುತ್ತಿದ್ದರೆ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ನೀರು ಉಳಿಸೋಣ ಅಂತ ಕೆಲವರು ಫ್ಲಶ್ ನಲ್ಲಿಯನ್ನೇ ಮುಚ್ಚಿಡುತ್ತಾರೆ. ನೀರಿನ ಕಷ್ಟ ನಿಜ, ಆದರೆ ಹೊಸ ಪೈಪು ಕೆಡುವುದೂ ಅದರಿಂದಲೇ. ಹಗಲೆಲ್ಲ ನಲ್ಲಿ ತೆರೆದಿಡಲು ಆಗದಿದ್ದರೆ ರಾತ್ರಿ ಬಾಗಿಲು ಹಾಕುವಾಗ ಒಂದು ಬಕೆಟ್ ನೀರಾದರೂ ಹೊಯ್ಯಿರಿ, ವಾರಕ್ಕೊಮ್ಮೆ ಬೆಚ್ಚನೆ ನೀರಿನಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ಸುರಿದು ಬೆಳಿಗ್ಗೆವರೆಗೆ ಬಿಡಿ.