ಪಾಠ ರಾತ್ರಿ ಮನೆಯಲ್ಲಿ, ಲೆಕ್ಕ ಬೆಳಿಗ್ಗೆ ಕ್ಲಾಸಲ್ಲಿ

ಹೊಸನಗರದ ಕಡೆ ನಮ್ಮ ಹೈಸ್ಕೂಲು. ಹತ್ತನೇ ತರಗತಿಗೆ ಗಣಿತ ನನ್ನದು. ಪಾಠವನ್ನು ವಿಡಿಯೊ ಮಾಡಿ ಮನೆಗೆ ಕಳಿಸ್ತೀನಿ, ಕ್ಲಾಸಲ್ಲಿ ಬರೀ ಲೆಕ್ಕ ಮಾಡಿಸ್ತೀನಿ ಅಂದಾಗ ಸ್ಟಾಫ್ ರೂಮಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೇಷ್ಟ್ರೇ, ಫೋನ್ ಕೈಗೆ ಸಿಕ್ಕಿದ್ರೆ ರೀಲ್ಸ್ ನೋಡ್ತಾರೆ ಅಷ್ಟೇ" ಅಂದರು. ಈಗ ಮೂರನೇ ವರ್ಷ. ಅವರಲ್ಲೇ ಇಬ್ಬರು ವಿಡಿಯೊ ಮಾಡೋ ನನ್ನ ಫೋನ್ ಸ್ಟ್ಯಾಂಡಿನ ಅಳತೆ ಬರೆದುಕೊಂಡು ಹೋಗಿದ್ದಾರೆ.

ನನ್ನನ್ನು ಇದಕ್ಕೆ ಎಳೆದದ್ದು ಮಳೆ. ಜುಲೈನಲ್ಲಿ ಹಳ್ಳ ತುಂಬಿದರೆ ಅರ್ಧ ಮಕ್ಕಳು ಬರೋದಿಲ್ಲ. ಅಮೆರಿಕದ ಕೊಲರಾಡೊದ ಬರ್ಗ್‌ಮನ್, ಸ್ಯಾಮ್ಸ್ ಅನ್ನೋ ಕೆಮಿಸ್ಟ್ರಿ ಮೇಷ್ಟ್ರುಗಳು 2007ರಲ್ಲಿ ಹೀಗೆ ಪಾಠ ವಿಡಿಯೊ ಮಾಡೋಕೆ ಶುರು ಮಾಡಿದ್ದೂ ಕ್ಲಾಸಿಗೆ ಬರೋಕಾಗದ ಮಕ್ಕಳಿಗೋಸ್ಕರವೇ.

ಮೊದಲ ವರ್ಷ ದುಡ್ಡು ಸುಮ್ನೆ ಹೋಯ್ತು. ರಿಂಗ್ ಲೈಟಿಗೆ 1,200, ಕಾಲರ್ ಮೈಕಿಗೆ 800ರ ಹತ್ತಿರ. ಬೋರ್ಡ್ ಮುಂದೆ ನಿಂತು 28 ನಿಮಿಷದ ಪಾಠ ಮಾಡಿದೆ. 300 ಎಂಬಿ ಮೇಲಾಯ್ತು. ಸಿಗ್ನಲ್ಲಿಗೆ ಗುಡ್ಡ ಹತ್ತೋ ಊರಲ್ಲಿ ಯಾರು ಇಳಿಸಿಕೊಳ್ತಾರೆ? 40 ಚಿಲ್ಲರೆ ಮಕ್ಕಳಲ್ಲಿ ಪೂರ್ತಿ ನೋಡಿದವರು ಐದಾರು ಜನ. ಪಾಪ ಅಂತ ನಾನೇ ಕ್ಲಾಸಲ್ಲಿ ಅದೇ ಪಾಠ ಮತ್ತೆ ಮಾಡಿದೆ. ಅದೇ ದೊಡ್ಡ ತಪ್ಪು. ಮೇಷ್ಟ್ರು ಹೇಗೂ ಹೇಳ್ತಾರೆ ಅಂತ ಗೊತ್ತಾದ ಮೇಲೆ ಉಳಿದ ಐದಾರು ಜನರೂ ಬಿಟ್ಟರು.

ಈಗ ಆರು ನಿಮಿಷ ದಾಟೋದಿಲ್ಲ. ಮುಖ ಇಲ್ಲ, ಬರೀ ಕೈ. ಪಿವಿಸಿ ಪೈಪಿನ ಸ್ಟ್ಯಾಂಡಿಗೆ 150 ರೂಪಾಯಿ. ವಿಡಿಯೊ ಗುಣಮಟ್ಟ 240ಪಿಗೆ ಇಳಿಸಿದರೆ ಹನ್ನೆರಡು ಎಂಬಿ ಆಗುತ್ತೆ. ಆರು ಪೆನ್‌ಡ್ರೈವ್, ಅದನ್ನು ಫೋನಿಗೆ ಸಿಕ್ಕಿಸೋ ಓಟಿಜಿ ಎಲ್ಲ ಸೇರಿ ಎರಡೂವರೆ ಸಾವಿರ. ಒಂದೊಂದು ಕೇರಿಗೆ ಒಂದು ಪೆನ್‌ಡ್ರೈವ್. ಅಪ್ಪನ ಫೋನು ಮನೆಗೆ ಬರೋದೇ ರಾತ್ರಿ. ಸುಗ್ಗಿಯಲ್ಲಂತೂ ಅಡಿಕೆ ಸುಲಿಯೋ ಚಪ್ಪರದಲ್ಲೇ, ಅಮ್ಮನ ಮೆಟ್ಟುಗತ್ತಿ ಪಕ್ಕದಲ್ಲೇ ಕೂತು ನೋಡ್ತಾರೆ.

ಸಮಾಂತರ ಶ್ರೇಢಿಯ ಮೊತ್ತಕ್ಕೆ ಅಡಿಕೆಯನ್ನೇ ಜೋಡಿಸಿದೆ. ಬಿಳಿ ಚಾಲಿ ಅಡಿಕೆ ಒಂದು, ಎರಡು, ಮೂರು ಅಂತ ಹತ್ತು ಸಾಲು. ಕೆಂಪಡಿಕೆಯದ್ದು ಅಷ್ಟೇ ಮೆಟ್ಟಿಲು, ತಲೆಕೆಳಗಾಗಿ. ಎರಡೂ ಕೂಡಿದರೆ 10ಕ್ಕೆ 11ರ ಆಯತ. 110ರಲ್ಲಿ ಅರ್ಧ ಚಾಲಿ, 55. ಸೂತ್ರ ನಾನು ಹೇಳಲಿಲ್ಲ. ಮಾರನೇ ದಿನ ಮಕ್ಕಳೇ ಬೋರ್ಡಿನ ಮೇಲೆ ಬರೆದರು.

ನಡೆದು ಬರೋ ಮಕ್ಕಳಿಗೆ ಬರೀ ಧ್ವನಿ ಕಳಿಸಿಯೂ ನೋಡಿದೆ. ರೇಖಾಗಣಿತಕ್ಕೆ ಆಗಲಿಲ್ಲ. ಆದರೆ ತ್ರಿಕೋನಮಿತಿಯ ಸೈನ್ 30 ಅರ್ಧ, ಟ್ಯಾನ್ 45 ಒಂದು ಅನ್ನೋದಕ್ಕೆ ಬಹಳ ಚೆನ್ನಾಗಿ ಹೊಂದಿತು.

ನೋಡಿದ್ದಾರಾ ಇಲ್ವಾ ಅಂತ ತಿಳಿಯೋಕೆ ಪ್ರತಿ ವಿಡಿಯೊದಲ್ಲೂ ಬೇಕಂತಲೇ ಒಂದು ತಪ್ಪು ಇಡ್ತೀನಿ. ಅದನ್ನು ಎಲ್ಲಿ ಇಡ್ತೀನಿ ಅನ್ನೋದು ನನ್ನ ಹತ್ರವೇ ಇರಲಿ. ಕ್ಲಾಸಿನ ಮೊದಲ ಐದು ನಿಮಿಷ ಆ ತಪ್ಪನ್ನು ಚೀಟಿಯಲ್ಲಿ ಬರೆದುಕೊಡಬೇಕು, ಆಮೇಲೆ ಲೆಕ್ಕ. ಗಣಿತದಲ್ಲಿ ಒಂಬತ್ತು ಜನ ಫೇಲಾಗ್ತಿದ್ದ ಕಡೆ ಕಳೆದ ವರ್ಷ ಇಬ್ಬರು. ಮೊನ್ನೆ ಹಿಂದಿನ ಬೆಂಚಿನ ಹುಡುಗ ಬಾಗಿಲಲ್ಲೇ ನಿಲ್ಲಿಸಿದ. "ಸಾರ್, ನಿನ್ನೆ ವಿಡಿಯೊದಲ್ಲಿ ಎರಡು ತಪ್ಪಿದೆ." ನಾನು ಇಟ್ಟದ್ದು ಒಂದೇ. ನೋಡಿದರೆ ಅವನು ಹೇಳಿದ್ದೇ ಸರಿ. ಅವತ್ತು ಚಾಕ್‌ಪೀಸ್ ಅವನ ಕೈಗೆ ಕೊಟ್ಟೆ.